ಚಟ ಬಿಡುವವರ ಹೊಟ್ಟೆಯನ್ನೂ ವಿಚಾರಿಸಿ

ಮಾನ್ಯ ಸಂಪಾದಕರೇ,

ಉಪ್ಪಳದಲ್ಲೋ ತಲಪಾಡಿಯಲ್ಲೋ ಎಂಡಿಎಂಎ ಎಂಬ ಮಾದಕ ವಸ್ತು ಹಿಡಿದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಆ ಹುಡುಗರ ಫೋಟೊ ನೋಡಿದಾಗೆಲ್ಲ ನನ್ನ ತಮ್ಮನ ನೆನಪಾಗುತ್ತದೆ. ಅವನದು ಕುಡಿತದ ಚಟ.

ಚಟ ಬಿಡಿಸುವ ಕೇಂದ್ರದಿಂದ ಮನೆಗೆ ಬಂದ ಮೇಲೆ ಒಂದು ದಿನ, "ಅಕ್ಕಾ, ಹೊಟ್ಟೆಯೊಳಗೆ ಏನೋ ಸಂಕಟ, ಕುಡಿಯದೆ ಆಗುವುದಿಲ್ಲ" ಎಂದ. ನಾನು ಬೈದೆ. ನೆಪ ಹೇಳಬೇಡ, ಮನಸ್ಸು ಗಟ್ಟಿ ಮಾಡು ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವಳು ನಾನು. ಹಾಗೆ ಬೈದದ್ದು ಇವತ್ತಿಗೂ ಚುಚ್ಚುತ್ತದೆ.

ಓದಿದ್ದು ಆಮೇಲೆ. ಕುಡಿತ ಬಿಡಲು ಬಂದವರ ಕರುಳನ್ನು ಬೆಲ್ಜಿಯಂನ ಸಂಶೋಧಕರು ಪರೀಕ್ಷಿಸಿ 2014ರಲ್ಲಿ ವರದಿ ಪ್ರಕಟಿಸಿದ್ದರು. ಕೆಲವರ ಕರುಳಿನ ಗೋಡೆ ಸಡಿಲವಾಗಿತ್ತು, ಅಲ್ಲಿನ ಬ್ಯಾಕ್ಟೀರಿಯಾಗಳೂ ಏರುಪೇರಾಗಿದ್ದವು. ಮೂರು ವಾರ ಕುಡಿಯದೆ ಇದ್ದ ಮೇಲೂ ಬೇಸರ, ಆತಂಕ, ಕುಡಿಯುವ ಆಸೆ ಅವರಲ್ಲೇ ಜಾಸ್ತಿ ಉಳಿದಿತ್ತು. ನ್ಯೂಯಾರ್ಕಿನಲ್ಲಿ 2016ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಆ್ಯಂಟಿಬಯೋಟಿಕ್ ಕೊಟ್ಟು ಅವುಗಳ ಕರುಳಿನ ಬ್ಯಾಕ್ಟೀರಿಯಾ ಕಡಿಮೆ ಮಾಡಿದಾಗ, ಸ್ವಲ್ಪ ಕೊಕೇನ್ ಸಿಕ್ಕರೂ ಸೆಳೆತ ಹೆಚ್ಚಿತು. ನಾವು ತಿಂದ ನಾರಿನಿಂದ ಬ್ಯಾಕ್ಟೀರಿಯಾಗಳು ಕೆಲವು ಆಮ್ಲ ತಯಾರಿಸುತ್ತವೆ. ಅದನ್ನೇ ಇಲಿಗಳಿಗೆ ಕೊಟ್ಟಾಗ ಸೆಳೆತ ಇಳಿಯಿತು.

ಮಜ್ಜಿಗೆ ಕುಡಿದರೆ ಚಟ ಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ಪುಡಿ ಮಾರುವವರನ್ನು ದಯವಿಟ್ಟು ನಂಬಬೇಡಿ. ವೈದ್ಯರು ಕೊಟ್ಟ ಮಾತ್ರೆಯನ್ನೂ ಬಿಡಬೇಡಿ.

ಆದರೆ ತಮ್ಮ ಇದ್ದ ಕೇಂದ್ರದಲ್ಲಿ ಬೆಳಿಗ್ಗೆ ಚಹಾ, ಬನ್ನು. ಮಧ್ಯಾಹ್ನ ಬಿಳಿ ಅನ್ನ, ನೀರು ನೀರು ಸಾರು. ಇಪ್ಪತ್ತೊಂದು ದಿನವೂ ಅಷ್ಟೇ. ಎಷ್ಟು ಕುಡಿಯುತ್ತಿದ್ದೆ ಎಂದು ಕೇಳಿದರಂತೆ. ಹೊಟ್ಟೆ ಹೇಗಿದೆ, ಏನು ತಿನ್ನುತ್ತೀ ಎಂದು ಒಬ್ಬರೂ ಕೇಳಲಿಲ್ಲವಂತೆ. ಕೇಳಬೇಕಿತ್ತು ಅಲ್ವಾ?

ಈಗ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಹಿತ್ತಲಿನ ಬಸಳೆ. ಮಾತ್ರೆಯೂ ನಡೆಯುತ್ತಿದೆ. ಸಂಕಟ ಎಂದರೆ ಬೈಯುವುದಿಲ್ಲ, ವೈದ್ಯರಿಗೆ ಫೋನ್ ಮಾಡುತ್ತೇನೆ.

ಕೇರಳ ಅಬಕಾರಿ ಇಲಾಖೆಯವರು ಚಟದ ವಿರುದ್ಧ ಜಾಗೃತಿ ಮೂಡಿಸುವ ವಿಮುಕ್ತಿ ತರಗತಿಗಳಲ್ಲಿ ಈ ವಿಷಯವನ್ನೂ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳಲಿ. ನೀವೂ ಒಬ್ಬ ಮನೋವೈದ್ಯರಿಂದ, ಒಬ್ಬ ಕರುಳಿನ ವೈದ್ಯರಿಂದ ಭಾನುವಾರದ ಪುರವಣಿಗೆ ಲೇಖನ ಬರೆಸಿ. ತಮ್ಮನಿಗೆ ಓದಲು ಕೊಡುತ್ತೇನೆ.

— ನಿವೃತ್ತ ಶಿಕ್ಷಕಿ, ಬದಿಯಡ್ಕ