ಟನ್ ಲೆಕ್ಕ ಸಾಲದು, ಹಳ್ಳವನ್ನೂ ನೋಡಿ

ಮಾನ್ಯರೇ,

ಮೀನುಗಾರಿಕೆ ಎಂದರೆ ಎಷ್ಟು ಟನ್ ಸಿಕ್ಕಿತು ಅನ್ನುವುದಷ್ಟೇ ನಮ್ಮಲ್ಲಿ ಸುದ್ದಿ. ಲಕ್ಷದ್ವೀಪವನ್ನು ನೋಡಿದರೆ ಈ ಲೆಕ್ಕ ಎಷ್ಟು ಅರೆಬರೆ ಎಂದು ತಿಳಿಯುತ್ತದೆ. ಅಲ್ಲಿ ಟ್ಯೂನಾ ಮೀನನ್ನು ಹೆಚ್ಚಾಗಿ ಗಾಳದ ಕೋಲಿನಲ್ಲಿ ಒಂದೊಂದಾಗಿ ಎತ್ತುತ್ತಾರೆ. ಅದಕ್ಕೂ ಮೊದಲು ಹವಳದ ದಿಬ್ಬಗಳ ಒಳಗಿನ ಶಾಂತ ನೀರಿನಲ್ಲಿ ಎರೆಗೆಂದು ಬೆರಳುದ್ದದ ಮೀನು ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು ಹೋಗುತ್ತಾರೆ. ಟ್ಯೂನಾ ಹಿಂಡು ಕಂಡಾಗ ಆ ಎರೆಮೀನನ್ನು ಎರಚಿ, ಮೇಲಿಂದ ನೀರು ಚಿಮುಕಿಸುತ್ತಾರೆ. 1998, 2010, 2016ರಲ್ಲಿ ಕಡಲು ಬಿಸಿಯಾಗಿ ಈ ಎರೆಮೀನಿಗೆ ಆಸರೆಯಾದ ಅಲ್ಲಿನ ಹವಳ ಬಿಳಿಚಿಕೊಂಡು ಸೊರಗಿತು. ಟ್ಯೂನಾ ಮೀನುಗಾರಿಕೆ ಉಳಿಯಬೇಕಾದರೆ ಹವಳದಿಂದಲೇ ಶುರು ಮಾಡಬೇಕು, ಅಲ್ವಾ?

ಸಕಲೇಶಪುರದವನಿಗೆ ಕಡಲಿನ ಉಸಾಬರಿ ಏಕೆ ಅನ್ನಬೇಡಿ. ಹೇಮಾವತಿಯಲ್ಲೂ ಕಥೆ ಇದೇ. ಮುಂಗಾರಿನ ಮೊದಲ ನೆರೆಗೆ ಮೊಟ್ಟೆ ತುಂಬಿದ ಮೀನು ಹಳ್ಳ ಹತ್ತುತ್ತವೆ. ನಾವು ಕೂಳಿ (ಬಿದಿರಿನ ಮೀನುಬೋನು) ಇಟ್ಟು ಅವನ್ನೇ ಹಿಡಿದು ಸಾರು ಮಾಡುತ್ತೇವೆ. ಹತ್ತುಮೀನಿನ ರುಚಿ ಬಲ್ಲವರಿಗೆ ಬಿಡುವುದು ಕಷ್ಟ, ಒಪ್ಪುತ್ತೇನೆ. ಕಾಫಿ ಕೊಯ್ಲು ಬಂತೆಂದರೆ ಎಷ್ಟೋ ಕಡೆ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು, ಅದೇ ಹಳ್ಳಕ್ಕೆ. ಆ ನೀರು ಕೊಳೆತು ನಾರುತ್ತದೆ, ಮೀನಿಗೆ ಬೇಕಾದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಇಷ್ಟೆಲ್ಲ ಆದಮೇಲೆ ಗೊರೂರು ಜಲಾಶಯಕ್ಕೆ ಕಾಟ್ಲಾ ಮರಿ ಬಿಟ್ಟು ಸುಮ್ನೆ ಫೋಟೊ ತೆಗೆಸಿಕೊಂಡರೆ ಹಳ್ಳದ ಮೀನು ವಾಪಸ್ ಬರುತ್ತದೆಯೇ?

ಮೊದಲ ಮಳೆಯ ಕೆಲವು ವಾರ ಹಳ್ಳಗಳಲ್ಲಿ ಕೂಳಿ ಇಡುವುದನ್ನು ಪಂಚಾಯಿತಿಗಳೇ ನಿಲ್ಲಿಸಲಿ. ಪಲ್ಪರ್ ನೀರಿಗೆ ತೋಟದಲ್ಲೇ ಗುಂಡಿ ಇದೆಯೇ ಎಂದು ಕೊಯ್ಲಿಗೆ ಮುಂಚೆಯೇ ತಪಾಸಣೆ ನಡೆಯಲಿ.

– ಒಬ್ಬ ಓದುಗ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ