ಭಾನುವಾರದ ಲಿನೊ ಅಚ್ಚು: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಲಿನೊ ಅಚ್ಚಿಗೆ (ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವುದು) ಹೆಸರು ಕೊಟ್ಟವರು ಈ ಭಾನುವಾರ ಬೆಳಿಗ್ಗೆ 7 ಗಂಟೆಗೆ ಕಾರವಾರದ ಯುದ್ಧನೌಕೆ ವಸ್ತುಸಂಗ್ರಹಾಲಯದ ಎದುರು ಸೇರಿ. ಮೊದಲು ಪೇಟೆಯ ಕಟ್ಟಡಗಳನ್ನು ಬಿಡಿಸೋಣ, 10 ಗಂಟೆಯಿಂದ ನಮ್ಮ ಮನೆಯ ಜಗಲಿಯಲ್ಲಿ ಕೆತ್ತನೆ.

ಬಿಡಿಸುವಾಗ ಕಿಟಕಿಯ ಸರಳು, ಅಂಗಡಿಯ ಫಲಕ, ವೈರುಗಳನ್ನೆಲ್ಲ ಬಿಟ್ಟುಬಿಡಿ. ಗೋಡೆ ಒಂದು ಆಯತ, ಹೆಂಚಿನ ಮಾಡು ಒಂದು ತ್ರಿಕೋನ, ನೆರಳು ಒಂದು ಕಪ್ಪು ಪಟ್ಟಿ; ಅಷ್ಟೇ ಸಾಕು. ಓರೆ ಬಿಸಿಲಿನಲ್ಲಿ ನೆರಳು ಉದ್ದವಾಗಿ ಬೀಳುತ್ತದೆ, ಅದಕ್ಕೇ 7 ಗಂಟೆ. ತಡವಾಗಿ ಬಂದು ಗೊಣಗಬೇಡಿ. ಬೂದು ಬೇಕೆನಿಸಿದರೆ ಒತ್ತೊತ್ತಾಗಿ ಗೆರೆ ಕೆತ್ತಿ, ಶಾಯಿ ಕಪ್ಪೊಂದೇ. ಜರ್ಮನಿಯ ಕಲಾಶಾಲೆ ಬೌಹೌಸ್‌ನ 1919ರ ಪ್ರಣಾಳಿಕೆಯ ಮುಖಪುಟಕ್ಕೆ ಕಲಾವಿದ ಲಯನೆಲ್ ಫೈನಿಂಗರ್ ಕೆತ್ತಿದ ಇಗರ್ಜಿಯ ಮರದಚ್ಚನ್ನು ಸಂಜೆ ಇಲ್ಲಿ ಹಾಕುತ್ತೇನೆ, ನೋಡಿಕೊಂಡು ಬನ್ನಿ.

ಲಿನೊ ಹಾಳೆ, ಶಾಯಿ, ರೋಲರ್ ನನ್ನ ಬಳಿ ಇವೆ. ಉಳಿ, ಪೆನ್ಸಿಲ್, ಕಾಗದ ಉಜ್ಜಲು ಒಂದು ಹಳೆಯ ಚಮಚ ನಿಮ್ಮದು. ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಕಳೆದ ಸಲ ನಾನೇ ಮರೆತು ಕಡಲನ್ನು ಪೂರ್ವಕ್ಕೆ ಕಳುಹಿಸಿದ್ದೆ. ಹಾಳೆ ಹಿಡಿದ ಕೈ ಸದಾ ಉಳಿಯ ಹಿಂದೆಯೇ ಇರಲಿ. ಎಣ್ಣೆ ಶಾಯಿ ನಮ್ಮ ತೇವದ ಗಾಳಿಯಲ್ಲಿ ಬೇಗ ಒಣಗದು, ಆದ್ದರಿಂದ ಅಚ್ಚುಗಳನ್ನು ಅಂದೇ ಒಯ್ಯುವಂತಿಲ್ಲ.

ಹಾಳೆ ಕತ್ತರಿಸಿಡಬೇಕು. ಬರುತ್ತೀರೋ ಇಲ್ಲವೋ, ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.