ಆಸ್ಪತ್ರೆಯ ಒಳಗೆ ಶತ್ರು ಇದ್ದರೆ?

ಮಾನ್ಯ ಸಂಪಾದಕರೇ,

ಯುದ್ಧದಲ್ಲಿ ಆಸ್ಪತ್ರೆಯ ಮೇಲೆ ಬಾಂಬ್ ಬಿದ್ದ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ ಒಬ್ಬರು ಬರೆಯುತ್ತಾರೆ: 'ಒಳಗೆ ಶತ್ರುಗಳೂ ಇದ್ದರಂತಲ್ಲ, ಮತ್ತೇನು ತಪ್ಪು?' ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿದ್ದವಳು ನಾನು. ಈ ಮಾತು ಕೇಳಿ ಸುಮ್ನೆ ಇರಲು ಆಗುವುದಿಲ್ಲ.

ಅಫ್ಗಾನಿಸ್ತಾನದ ಕುಂದುಜ್ ಊರಿನದೇ ಉದಾಹರಣೆ ನೋಡಿ. 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ, ಯುದ್ಧ ನಡೆಯುವ ಕಡೆ ಚಿಕಿತ್ಸೆ ಕೊಡುವ ವೈದ್ಯರ ಎಂಎಸ್‌ಎಫ್ ಸಂಸ್ಥೆ 2011ರಲ್ಲಿ ಅಲ್ಲಿ ಗಾಯಾಳುಗಳಿಗಾಗಿ ಆಸ್ಪತ್ರೆ ತೆರೆಯಿತು. ಚಿಕಿತ್ಸೆ ಉಚಿತ. ಬಂದೂಕು ಮಾತ್ರ ಗೇಟಿನ ಹೊರಗೆ. ಸರ್ಕಾರಿ ಸೈನಿಕನಿಗೂ ತಾಲಿಬಾನಿಗೂ ಅಲ್ಲಿ ಹಾಸಿಗೆ ಇತ್ತು. ಆಸ್ಪತ್ರೆ ಇರುವ ಜಾಗವನ್ನು ಅಕ್ಷಾಂಶ, ರೇಖಾಂಶ ಸಮೇತ ಕಾದಾಡುವ ಎಲ್ಲರಿಗೂ ಮೊದಲೇ ತಿಳಿಸಿದ್ದರು. ಆದರೂ 2015ರ ಅಕ್ಟೋಬರ್ 3ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ಯುದ್ಧವಿಮಾನ ಆ ಕಟ್ಟಡವನ್ನು ಹೊಡೆಯಿತು. 42 ಜನ ಸತ್ತರು. ಅವರಲ್ಲಿ 14 ಮಂದಿ ಅಲ್ಲಿನ ಸಿಬ್ಬಂದಿ. ಐಸಿಯುನಲ್ಲಿದ್ದ ರೋಗಿಗಳು ಮಲಗಿದಲ್ಲೇ ಸುಟ್ಟುಹೋದರು. ಅಚಾತುರ್ಯ ಆಯಿತು ಎಂದು ಅಮೆರಿಕ ಒಪ್ಪಿಕೊಂಡಿತು. 16 ಮಂದಿಯ ಮೇಲೆ ಇಲಾಖೆಯೊಳಗೇ ಶಿಸ್ತುಕ್ರಮ ಆಯಿತು. ಕ್ರಿಮಿನಲ್ ಮೊಕದ್ದಮೆ ಒಂದೂ ಇಲ್ಲ.

ಅಲ್ಲಿ ತಾಲಿಬಾನಿ ರೋಗಿಗಳು ಇದ್ದದ್ದು ನಿಜವೇ. ಆದರೆ ಯುದ್ಧಕ್ಕೂ ನಿಯಮ ಹಾಕಿರುವ 1949ರ ಜಿನೀವಾ ಒಪ್ಪಂದದಲ್ಲಿ ಇದಕ್ಕೆ ನೇರವಾದ ಉತ್ತರ ಇದೆ. ಗಾಯಗೊಂಡ ಯೋಧರು ಒಳಗೆ ಮಲಗಿದ್ದಾರೆ ಎಂಬ ಕಾರಣಕ್ಕೆ ಆಸ್ಪತ್ರೆಗೆ ಇರುವ ರಕ್ಷಣೆ ತಪ್ಪುವುದಿಲ್ಲ. ಅವರಿಂದ ತೆಗೆದಿಟ್ಟ ಬಂದೂಕು ಒಳಗೆ ಸಿಕ್ಕರೂ ತಪ್ಪುವುದಿಲ್ಲ. ಒಳಗಿನಿಂದಲೇ ಯುದ್ಧ ನಡೆಸುತ್ತಿದ್ದರೆ ಮಾತ್ರ ವಿಷಯ ಬೇರೆ. ಆಗಲೂ ಮೊದಲು ಎಚ್ಚರಿಕೆ ಕೊಡಬೇಕು, ಸಮಯ ಕೊಡಬೇಕು. ಭಾರತವೂ ಇದನ್ನು ಒಪ್ಪಿದೆ. 1960ರಲ್ಲಿ ಇದಕ್ಕಾಗಿಯೇ ಕಾಯ್ದೆ ಮಾಡಿದೆ.

ಕಾನೂನು ಬಿಡಿ, ವಾರ್ಡಿನ ಮಾತು ಹೇಳುತ್ತೇನೆ. ಜಮೀನಿನ ಜಗಳವೋ, ಚುನಾವಣೆ ಗಲಾಟೆಯೋ ಆದರೆ ಹೊಡೆದವರು, ಹೊಡೆಸಿಕೊಂಡವರು ಇಬ್ಬರೂ ನಮ್ಮಲ್ಲಿಗೇ ಬರುತ್ತಿದ್ದರು. 'ಮೊದಲು ನಮ್ಮವನನ್ನು ನೋಡಿ ಸಿಸ್ಟರ್' ಎಂದು ಎರಡೂ ಕಡೆಯವರ ಕೂಗು. ಕೂಗಾಡುವ ಗಾಯಾಳುವಿಗೆ ಉಸಿರಾದರೂ ಇದೆ ಅಂತ ಗೊತ್ತು. ನಾವು ಮೊದಲು ಓಡುತ್ತಿದ್ದದ್ದು ಸದ್ದೇ ಇಲ್ಲದೆ ಬಿದ್ದವನ ಹತ್ತಿರ. ನಾಡಿ, ಬಿಪಿ, ರಕ್ತ ಎಷ್ಟು ಹೋಗಿದೆ, ಇಷ್ಟೇ ಲೆಕ್ಕ. ಕೇಸ್ ಬರೆದುಕೊಳ್ಳುವುದು ಪೊಲೀಸರ ಕೆಲಸ, ಅಲ್ವಾ?

ಇದನ್ನು ಬರೀ ಕರುಣೆ ಅಂದುಕೊಳ್ಳಬೇಡಿ. ಯುದ್ಧ ನಡೆಯುವಲ್ಲಿ ವೈದ್ಯರು ಒಂದು ಕಡೆ ವಾಲಿದರೆ ಇನ್ನೊಂದು ಕಡೆಯವರು ದಾರಿ ಬಿಡುವುದಿಲ್ಲ. ಆಂಬುಲೆನ್ಸ್ ಚೆಕ್‌ಪೋಸ್ಟಿನಲ್ಲೇ ನಿಲ್ಲುತ್ತದೆ. ಮಕ್ಕಳ ಲಸಿಕೆ ಆ ಹಳ್ಳಿಗಳಿಗೆ ಹೋಗುವುದಿಲ್ಲ. ಹೆರಿಗೆಗೆ ಬರಬೇಕಾದವಳು ಮನೆಯಲ್ಲೇ ಉಳಿಯುತ್ತಾಳೆ.

2016ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆಗಳ ಮೇಲಿನ ದಾಳಿಯನ್ನು ಒಮ್ಮತದಿಂದ ಖಂಡಿಸಿತು. ಆಮೇಲೂ ಸಿರಿಯಾ, ಉಕ್ರೇನ್, ಗಾಜಾ, ಸುಡಾನ್‌ಗಳಲ್ಲಿ ಆಸ್ಪತ್ರೆಗಳ ಮೇಲೆ ದಾಳಿ ನಿಂತಿಲ್ಲ. ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಸುದ್ದಿ ಬಂದಾಗ ದಾಳಿ ಮಾಡಿದವರು ಹೇಳಿದ್ದನ್ನೇ ದಪ್ಪ ಅಕ್ಷರದಲ್ಲಿ ಹಾಕಿ ಬಿಡಬೇಡಿ. ಒಳಗಿನಿಂದ ಗುಂಡು ಹಾರಿತ್ತೇ, ಎಚ್ಚರಿಕೆ ಕೊಟ್ಟಿದ್ದರೇ, ರೋಗಿಗಳನ್ನು ಸಾಗಿಸಲು ಎಷ್ಟು ಹೊತ್ತು ಸಿಕ್ಕಿತ್ತು ಎಂಬುದನ್ನೂ ಕೇಳಿ ಬರೆಯಿರಿ.

– ನಿವೃತ್ತ ಸ್ಟಾಫ್ ನರ್ಸ್, ದಾವಣಗೆರೆ